ಬೆರೂಫ್

ಜರ್ಮನ್ನಿನ ‘ಬೆರೂಫ್’ ಇವತ್ತು ಅರ್ಜಿಯ ‘ಉದ್ಯೋಗ’ ಖಾನೆಯಲ್ಲಿ ಕೂತ ಸಪ್ಪೆ ಪದ. ಅದರೊಳಗಿರುವುದು ‘ರೂಫನ್’, ಅಂದರೆ ಕರೆಯುವುದು. ಹಿಂದೆ ದೇವರ ಕರೆ ಬರುತ್ತಿದ್ದದ್ದು ಸನ್ಯಾಸಿಗೆ, ಪಾದ್ರಿಗೆ. ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲಿ ಅದನ್ನು ಕಮ್ಮಾರನ ಕುಲುಮೆಗೂ ರೈತನ ಹೊಲಕ್ಕೂ ಇಳಿಸಿದ. ನಮ್ಮ ‘ಕಾಯಕ’ವನ್ನು ಇದರ ಪಕ್ಕ ಇಡುವುದುಂಟು, ಆದರೆ ಕಾಯಕ ಹುಟ್ಟಿದ್ದು ಕಾಯದಿಂದ, ಬೆರೂಫ್ ಕಿವಿಯಿಂದ.

ಕಿವಿ ಅಂದಮೇಲೆ ಬಾಖ್ ಬರಲೇಬೇಕು. 1723ರಿಂದ ಲೈಪ್‌ಜಿಗ್‌ನ ಚರ್ಚುಗಳಿಗೆ ಸಂಗೀತ ಬರೆದ ಈ ಲೂಥರನ್, ಎಷ್ಟೋ ಹಸ್ತಪ್ರತಿಗಳ ಕೊನೆಗೆ ‘ಎಸ್.ಡಿ.ಜಿ.’ ಎಂದು ಗೀಚುತ್ತಿದ್ದ: ಮಹಿಮೆ ದೇವರೊಬ್ಬನಿಗೇ. ಅದೇ ಕೈ 1730ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಗೊಣಗಿದೆ: ಊರಿನ ಗಾಳಿ ಚೆನ್ನಾಗಿದ್ದರೆ ಶವಸಂಸ್ಕಾರಗಳು ಕಮ್ಮಿಯಾಗಿ ಸಂಪಾದನೆಗೆ ಪೆಟ್ಟು ಬೀಳುತ್ತದಂತೆ.