ತಂತಿ ಬರುವ ಮೊದಲು ಕವಳಿ ಬೇಲಿ ಇತ್ತು

ಕವಳಿ ಹಣ್ಣು ತಿಂದವರಿಗೆ ಗೊತ್ತು. ತುಟಿಗೆ ಹಾಲು ಅಂಟುತ್ತದೆ, ಅಂಗಿಗೆ ಕಲೆ ಬೀಳುತ್ತದೆ, ಮುಳ್ಳು ಕೈ ಗೀರುತ್ತದೆ. ಆದರೂ ಬಿಡಲಾಗುವುದಿಲ್ಲ. ಇದೇ ಗಿಡ ಒಂದು ಕಾಲಕ್ಕೆ ಇಂಗ್ಲಿಷರ ಸುಂಕದ ಗಡಿ ಕಾಯ್ದಿತ್ತು ಅಂದರೆ ನಂಬುತ್ತೀರಾ?

ಉಪ್ಪಿನ ಮೇಲೆ ಸುಂಕ ಹಾಕಿದ ಸರ್ಕಾರಕ್ಕೆ ಕಳ್ಳಸಾಗಣೆಯ ಭಯ. ಅದಕ್ಕೆ ಉತ್ತರ ಭಾರತದಲ್ಲಿ ಉದ್ದಕ್ಕೂ ಕಾವಲು ಗಡಿ ಎಳೆದರು. 1869ರ ಹೊತ್ತಿಗೆ ಅದು ಸುಮಾರು 3,700 ಕಿ.ಮೀ., ಕಾಯಲು 12,000 ಜನ. ಒಣ ಮುಳ್ಳು ಹಾಕಿದರೆ ಗೆದ್ದಲು ತಿನ್ನುತ್ತಿತ್ತು, ಬೆಂಕಿ ಸುಡುತ್ತಿತ್ತು. ಆಗ ಅಧಿಕಾರಿಯಾಗಿದ್ದ ಎ. ಒ. ಹ್ಯೂಮ್ (ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು, ಅದೇ ಹ್ಯೂಮ್!) ಜೀವಂತ ಬೇಲಿ ಬೆಳೆಸಲು ಹೊರಟರು. ಎಲ್ಲಿ ಯಾವ ಮಣ್ಣೋ ಅಲ್ಲಿ ಆ ಗಿಡ: ಜಾಲಿ, ಕಳ್ಳಿ, ಬಾರಿ, ಕವಳಿ. 1879ರಲ್ಲಿ ಸರ್ಕಾರವೇ ಆ ಗಡಿ ಕೈಬಿಟ್ಟಿತು. ಬಡವರ ಉಪ್ಪು ತಡೆಯಲು ಕವಳಿ ನೆಟ್ಟರಲ್ಲ ಎಂಬುದೇ ಬೇಸರ. ಗಿಡದ ತಪ್ಪೇನೂ ಇಲ್ಲ.

ಆ ಬೇಲಿ ನಮ್ಮ ಕಡೆ ಬರಲಿಲ್ಲ. ನಮ್ಮಲ್ಲಿ ಕವಳಿ ಕಾಯ್ದದ್ದು ಹಿತ್ತಲು, ಹೊಲ. ಅದರ ಜೊತೆಗಿದ್ದ ಡಬಗಳ್ಳಿ ಅಮೆರಿಕದಿಂದ ಬಂದದ್ದು. ಬೇಲಿ ದಾಟಿ ಹೊಲಕ್ಕೇ ನುಗ್ಗಿದ್ದರಿಂದ 1926ರಲ್ಲಿ ಶ್ರೀಲಂಕಾದಿಂದ ಒಂದು ಹುಳ ತಂದು ದಕ್ಷಿಣ ಭಾರತದಲ್ಲಿ ಅದನ್ನು ಅಡಗಿಸಬೇಕಾಯಿತು. ಕವಳಿ ಹಾಗೆ ಮೈಮೇಲೆ ಬರುವ ಗಿಡವಲ್ಲ.

ಮುಳ್ಳುತಂತಿಗೆ ಅಮೆರಿಕದ ಗ್ಲಿಡನ್ ಪೇಟೆಂಟ್ ಪಡೆದದ್ದು 1874ರಲ್ಲಿ. ತಂತಿ ಒಂದೇ ದಿನಕ್ಕೆ ನಿಲ್ಲುತ್ತದೆ, ಜಾಗ ತಿನ್ನುವುದಿಲ್ಲ, ನಿಜ. ಆದರೆ ತಂತಿಗೆ ಹಣ್ಣಾಗುವುದಿಲ್ಲ, ಹಕ್ಕಿ ಗೂಡು ಕಟ್ಟುವುದಿಲ್ಲ. ಬೇಲಿ ಕಡಿದ ಮೇಲೆ ಉಪ್ಪಿನಕಾಯಿಗೆ ಕವಳಿಕಾಯಿ ಕೊಂಡೇ ತರಬೇಕು.

ಮತ್ತೆ ನೆಡಬೇಕೆಂದರೆ ಹಣ್ಣು ಮಾಗಿದಾಗಲೇ ಬೀಜ ತೆಗೆದು, ತೊಳೆದು, ನೆರಳಿನಲ್ಲಿ ಆರಿಸಿ, ತಡಮಾಡದೆ ಹಾಕಿ. ಹಳೆಯ ಬೀಜ ಏಳುವುದಿಲ್ಲ. ಸಸಿಯನ್ನು ಮರುವರ್ಷದ ಮೊದಲ ಮಳೆಗೆ ಎರಡು ಮೂರು ಅಡಿಗೊಂದರಂತೆ ನೆಡಿ. ಕಿತ್ತೂರಿನ ಕೆಂಪು ಮಣ್ಣಿಗೆ, ರಾಮದುರ್ಗದ ಗರಸು ನೆಲಕ್ಕೆ ಇದು ಸುಲಭ. ಬೈಲಹೊಂಗಲ, ಸವದತ್ತಿಯ ಎರಿ ಹೊಲದಲ್ಲಿ ಮಾತ್ರ ಒಡ್ಡಿನ ಮೇಲೆ ಏರಿಸಿ ಹಚ್ಚಿ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮೊದಲ ಎರಡು ಬೇಸಿಗೆ ನೀರು ಕೊಡಿ, ಆಡು ಬಾಯಿ ಹಾಕದಂತೆ ನೋಡಿಕೊಳ್ಳಿ. ಮೊಣಕಾಲೆತ್ತರ ಬಂದಾಗ ತುದಿ ಚಿವುಟಿದರೆ ಬುಡದಿಂದಲೇ ಟೊಂಗೆ ಒಡೆದು ದಟ್ಟವಾಗುತ್ತದೆ. ದೊಡ್ಡದಾದ ಮೇಲೆ ಹಣ್ಣು ಮುಗಿದ ನಂತರವೇ ಸವರಿ. ಬೇಸಿಗೆ ಬರುವ ಮುಂದೆ ಕತ್ತರಿ ಹಾಕಿದರೆ ಆ ವರ್ಷದ ಹೂವೂ ಹೋಯಿತು, ಕಾಯಿಯೂ ಹೋಯಿತು.