ಒಂದೇ ಮಷೀನು, ನಾಲ್ಕು ಏಜೆಂಟು

ಅಫಜಲಪುರದ ಕಡೆ ಭೀಮಾ ದಂಡೆಯ ಕಬ್ಬಿನ ಹೊಲ ನೋಡಿದವರಿಗೆ ಇದು ಗೊತ್ತು. ಒಂದೇ ಟಿ.ಸಿ., ಅದರ ಮೇಲೆ ಐದಾರು ಪಂಪ್‌ಸೆಟ್. ಕರೆಂಟ್ ಬಂತು ಅಂತ ಎಲ್ಲರೂ ಒಮ್ಮೆಗೇ ಚಾಲೂ ಮಾಡಿದರೆ ವೋಲ್ಟೇಜ್ ಬಿದ್ದು ಯಾರ ಹೊಲಕ್ಕೂ ನೀರಿಲ್ಲ. "ಪಾಳಿ ಹಚ್ರೋ, ಟಿ.ಸಿ. ಸುಡ್ತದ" ಅಂತ ಹಿರಿಯರು ಕೂಗುತ್ತಾರೆ. ಹೋದ ತಿಂಗಳು ಆಫೀಸಿನಲ್ಲಿ ಒಂದೇ ಮಷೀನಿನ ಮೇಲೆ ನಾಲ್ಕು ಬಿಲ್ಡ್ ಏಜೆಂಟ್ ಹಾಕಿ ನಾನು ಮಾಡಿದ್ದೂ ಇದನ್ನೇ :)

ಏಜೆಂಟ್ ಅಂದರೆ, ಯಾರಾದರೂ ಕೋಡ್ ಸೇರಿಸಿದ ಕೂಡಲೇ ಅದನ್ನು ಕಂಪೈಲ್ ಮಾಡಿ, ಟೆಸ್ಟ್ ಓಡಿಸಿ, ಪಾಸೋ ಫೇಲೋ ಹೇಳುವ ಆಳು. ಈ ಪದ್ಧತಿಗೆ ಕಂಟಿನ್ಯೂಯಸ್ ಇಂಟಿಗ್ರೇಶನ್ ಅನ್ನುವ ಹೆಸರನ್ನು 1991ರಲ್ಲಿ ಗ್ರೇಡಿ ಬೂಚ್ ಬಳಸಿದ್ದರು. 2001ರಲ್ಲಿ ಕ್ರೂಸ್‌ಕಂಟ್ರೋಲ್ ಬಂತು. ಸನ್ ಕಂಪನಿಯಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ಹಡ್ಸನ್ ಬರೆಯಲು ಶುರುಮಾಡಿದರು. ಅದೇ 2011ರಲ್ಲಿ ಹೆಸರು ಬದಲಿಸಿಕೊಂಡು ಜೆಂಕಿನ್ಸ್ ಆಯಿತು. ಅದರಲ್ಲಿ ಎಕ್ಸಿಕ್ಯೂಟರ್ ಸಂಖ್ಯೆಯನ್ನು 1ರಿಂದ 4 ಮಾಡಿದರೆ ಸಾಕು, ನಾಲ್ಕು ಕೆಲಸ ಒಟ್ಟಿಗೆ ಓಡುತ್ತವೆ. ಎಷ್ಟು ಸುಲಭ ಅಲ್ವಾ?

ಅಲ್ಲ. ಒಂದೇ ಜಾಬ್ ಎರಡು ಕಡೆ ಓಡಿದರೆ ಜೆಂಕಿನ್ಸ್ ಎರಡನೆಯದಕ್ಕೆ ಬೇರೆ ಫೋಲ್ಡರ್ ಕೊಡುತ್ತೆ, ನಿಜ. ಆದರೆ ಪೋರ್ಟ್, ಟೆಸ್ಟ್ ಡೇಟಾಬೇಸ್, ಮೆಮೊರಿ ಎಲ್ಲ ಒಂದೇ. ಒಬ್ಬನ ಟೆಸ್ಟ್ ಇನ್ನೊಬ್ಬನ ಡೇಟಾ ಅಳಿಸಿತು. ಮೆಮೊರಿ ತುಂಬಿದಾಗ ಲಿನಕ್ಸ್ ಯಾವುದೋ ಪಾಪದ ಬಿಲ್ಡನ್ನು ಕೊಂದಿತು. ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೆಂಪು ಬಿಲ್ಡ್ ನೋಡಿ ಎರಡು ದಿನ ತನ್ನ ಕೋಡಿನಲ್ಲೇ ತಪ್ಪು ಹುಡುಕುತ್ತಾ ಕೂತಳು. ತಪ್ಪು ನನ್ನದು.

ಒಂದು ಯಂತ್ರವನ್ನು ಹಲವಾರು ಯಂತ್ರಗಳಂತೆ ತೋರಿಸುವ ವಿದ್ಯೆ ಹಳೆಯದು. ಐಬಿಎಂ 1967ರಲ್ಲೇ ಸಿಪಿ-40 ಮೂಲಕ ಅದನ್ನು ಮಾಡಿತ್ತು. 1979ರ ಯುನಿಕ್ಸಿನ ಕ್ರೂಟ್ ಫೈಲುಗಳಿಗಷ್ಟೇ ಗೋಡೆ ಕಟ್ಟಿತು. ಲಿನಕ್ಸಿನಲ್ಲಿ ಸಿಪಿಯು, ಮೆಮೊರಿಯನ್ನು ಗುಂಪುಗಳಿಗೆ ಪಾಲು ಹಾಕುವ ಸಿಗ್ರೂಪ್ ಕೆಲಸವನ್ನು 2006ರಲ್ಲಿ ಗೂಗಲ್‌ನ ಪಾಲ್ ಮೆನಾಜ್, ರೋಹಿತ್ ಸೇಠ್ ಆರಂಭಿಸಿದರು.

ನನಗೆ ಖುಷಿ ಕೊಟ್ಟಿದ್ದು ಮುಂದಿನದು. ಇದರ ಎರಡು ಮುಖ್ಯ ಭಾಗ ಬಂದದ್ದು ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದಿಂದ! ಮೊದಲು ಹತ್ತು ಪ್ರೋಸೆಸ್ ಹುಟ್ಟಿಸಿದ ಬಿಲ್ಡಿಗೆ ಸಿಪಿಯುನ ಹತ್ತು ಪಾಲು ಸಿಗುತ್ತಿತ್ತು. ಶ್ರೀವತ್ಸ ವಡ್ಡಗಿರಿ ಅವರ ಗ್ರೂಪ್ ಶೆಡ್ಯೂಲಿಂಗ್ ಪಾಲನ್ನು ಗುಂಪಿನ ಲೆಕ್ಕಕ್ಕೆ ತಂದಿತು (ಕರ್ನೆಲ್ 2.6.24, ಜನವರಿ 2008). ಬಲ್ಬೀರ್ ಸಿಂಗ್ ಅವರ ಮೆಮೊರಿ ಕಂಟ್ರೋಲರ್ 2.6.25ರಲ್ಲಿ, ಅದೇ ಏಪ್ರಿಲ್‌ನಲ್ಲಿ ಸೇರಿತು. ಮಿತಿ ಮೀರಿದ ಗುಂಪಿನ ಪ್ರೋಸೆಸ್ಸೇ ಸಾಯುತ್ತೆ, ಪಕ್ಕದವನದಲ್ಲ. 2013ರಲ್ಲಿ ಬಂದ ಡಾಕರ್ ನಿಂತಿರುವುದೂ ಈ ಸಿಗ್ರೂಪ್ ಮೇಲೆ. ಡಾಕರ್ ಹೆಸರು ಎಲ್ಲರಿಗೂ ಗೊತ್ತು, ಈ ಇಬ್ಬರ ಹೆಸರು ನಮ್ಮ ಕ್ಯಾಂಟೀನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ (ನನಗೂ!).

ಈಗ ಪ್ರತಿ ಏಜೆಂಟಿಗೂ ಮೆಮೊರಿ ಮಿತಿ ಹಾಕಿದ್ದೇನೆ, ಪೋರ್ಟ್ ನಂಬರಿಗೆ ಎಕ್ಸಿಕ್ಯೂಟರ್ ನಂಬರ್ ಕೂಡಿಸಿದ್ದೇನೆ. ನಾಲ್ಕು ಇದ್ದದ್ದು ಮೂರಾಗಿದೆ, ನಾಲ್ಕನೆಯ ಬಿಲ್ಡ್ ಪಾಳಿಯಲ್ಲಿ ಕಾಯುತ್ತೆ. ಆ ಹುಡುಗಿಗೆ ಚಹಾ ಕುಡಿಸಿ ಸಾರಿ ಹೇಳಿದ್ದೂ ಆಯಿತು.