ಐದರಲ್ಲಿ ಮೂರು, ಮತ್ತು ಸೊನ್ನೆ

ಅಮೆರಿಕದ ಸಂವಿಧಾನ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯನೆಂದು ಎಣಿಸಿತೆಂಬುದನ್ನು ಕೇಳಿದ್ದೀರಿ. ಪೂರ್ತಿ ಎಣಿಸಬೇಕೆಂದು ಹಟ ಹಿಡಿದವರು ಯಾರು ಗೊತ್ತೆ? ಗುಲಾಮರ ಒಡೆಯರೇ! 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ್ದ ದಕ್ಷಿಣದ ಪ್ರತಿನಿಧಿಗಳ ಲೆಕ್ಕಾಚಾರ ಸರಳ: ತಲೆ ಹೆಚ್ಚಿದಷ್ಟೂ ಪ್ರತಿನಿಧಿ ಸಭೆಯಲ್ಲಿ ಸ್ಥಾನ ಹೆಚ್ಚು. ಗುಲಾಮನಿಗೆ ಮಾತ್ರ ಮತವಿಲ್ಲ. 1790ರ ಜನಗಣತಿಯ ಸುಮಾರು 7 ಲಕ್ಷ ಗುಲಾಮರು ಸ್ಥಾನಗಳ ಲೆಕ್ಕಕ್ಕೆ 4.2 ಲಕ್ಷವಾದರು; ಆ ಬಲವೆಲ್ಲ ಬಹುಪಾಲು ಒಡೆಯರ ಕೈ ಸೇರಿತು. ಈ ಭಿನ್ನರಾಶಿಯನ್ನು ಅಳಿಸಿದ್ದು 1868ರ ತಿದ್ದುಪಡಿ.

ನಮ್ಮ ಕಡೆ ಎಣಿಕೆಯ ಕ್ರಮವೇ ಬೇರೆ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಕರೆದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದ 144 ಮಂದಿ ಹಿಡುವಳಿದಾರರು, ವರ್ತಕರು. ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಸಾಲಕ್ಕೆ ಜೀತವಿದ್ದವನು ಅಲ್ಲಿ ಐದರಲ್ಲಿ ಮೂರೂ ಅಲ್ಲ, ಸೊನ್ನೆ. ಅವನು ಬೆಳೆದ ರಾಗಿ, ಕಂದಾಯ ಮಾತ್ರ ಧಣಿಯ ಹೆಸರಿನಲ್ಲಿ.

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1952ರ ಚುನಾವಣೆಯಲ್ಲಿ ಜೀತದಾಳಿಗೂ ಒಂದು ಪೂರ್ತಿ ಮತ ಸಿಕ್ಕಿತು. ಆದರೆ ಅವನನ್ನು ಕಟ್ಟಿಹಾಕಿದ್ದ ಸಾಲವೇ ರದ್ದೆಂದು ಸಾರಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ, ಅದರ ಹಿಂದೆಯೇ 1976ರ ಕಾಯಿದೆ. ಅಷ್ಟರೊಳಗೆ ಐದು ಲೋಕಸಭಾ ಚುನಾವಣೆಗಳು ಮುಗಿದುಹೋಗಿದ್ದವು.